ಟ್ರಕ್ ಬಿಚ್ಚದೇ ಒಂದು ರಾತ್ರಿ: ಟ್ರೈಲರ್ ಅಲುಗಾಡದ ಹಾಗೆ ನಿಲ್ಲಿಸೋದು ಹೇಗೆ?

ಪ್ರಶ್ನೆ: ಸರ್, ನಮ್ಮದು ಸುಮಾರು 24 ಅಡಿಯ, ಎರಡು ಆ್ಯಕ್ಸಲ್ ಇರೋ ಟ್ರಾವೆಲ್ ಟ್ರೈಲರ್. ಪಿಕಪ್ ಟ್ರಕ್‌ಗೆ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಮುಂದಿನ ಮೂತಿಯ ಭಾರವನ್ನ ಎಲ್ಲಾ ಚಕ್ರಗಳಿಗೆ ಹಂಚೋ ಕೊಂಡಿ) ಹಾಕಿ ಎಳೀತೀವಿ. ದೂರ ಹೋಗುವಾಗ ದಾರೀಲಿ ಎಲ್ಲಾದ್ರೂ ಒಂದು ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಹೊರಡ್ತೀವಿ, ಅಷ್ಟಕ್ಕೆ ಟ್ರಕ್ ಬಿಚ್ಚಿ ಮತ್ತೆ ಕಟ್ಟೋದು ಯಾರಿಗೆ ಬೇಕು ಅನ್ಸತ್ತೆ. ಆದ್ರೆ ಹಾಗೇ ಮಲಗಿದ್ರೆ ಒಬ್ಬರು ಮಗ್ಗಲು ಬದಲಿಸಿದ್ರೂ ಇಡೀ ಟ್ರೈಲರ್ ತೂಗಾಡತ್ತೆ. ಜೊತೆಗೆ ಅಮ್ಮ ಬರ್ತಾರೆ, ಅವರಿಗೆ ಮೊದಲೇ ತಲೆಸುತ್ತು, ರಾತ್ರಿಯೆಲ್ಲ ನಿದ್ದೆ ಇಲ್ಲ. ನಾಲ್ಕೂ ಮೂಲೆಯ ಸ್ಟೆಬಿಲೈಸರ್ ಜ್ಯಾಕ್ ಇಳಿಸಿ ಚೆನ್ನಾಗಿ ಎತ್ತಿಬಿಡಿ ಅಂತಾರೆ ಒಬ್ಬರು. ಟ್ರಕ್ ಕಟ್ಟಿರುವಾಗ ಜ್ಯಾಕ್ ಮುಟ್ಟಲೇಬೇಡಿ, ಫ್ರೇಮ್ ಬಾಗತ್ತೆ ಅಂತಾರೆ ಇನ್ನೊಬ್ಬರು. ಮತ್ತೊಬ್ಬರು ಬ್ರೇಕ್‌ಅವೇ ಪಿನ್ ಎಳೆದಿಟ್ರೆ ಟ್ರೈಲರ್ ಕಲ್ಲಿನ ಹಾಗೆ ನಿಲ್ಲತ್ತೆ ಅಂದ್ರು. ಯಾರ ಮಾತು ಕೇಳೋದು?

ಉತ್ತರ: ಮೊದಲು ಮೂರನೆಯವರ ಮಾತಿನಿಂದ ಶುರು ಮಾಡ್ತೀನಿ, ಯಾಕಂದ್ರೆ ಅದನ್ನ ಇವತ್ತು ರಾತ್ರಿನೇ ಮಾಡಿಬಿಟ್ಟೀರಿ ಅನ್ನೋ ಭಯ ನನಗೆ. ಬ್ರೇಕ್‌ಅವೇ ಪಿನ್ ದಯವಿಟ್ಟು ಎಳೀಬೇಡಿ. ಅದು ಇರೋದು ಓಡೋವಾಗ ಟ್ರೈಲರ್ ಟ್ರಕ್‌ನಿಂದ ಕಳಚಿಕೊಂಡ್ರೆ ತಾನೇ ಬ್ರೇಕ್ ಹಿಡಿದು ನಿಲ್ಲಲಿ ಅಂತ, ಕೆಲವು ನಿಮಿಷದ ಕೆಲಸಕ್ಕೆ. ಎಲೆಕ್ಟ್ರಿಕ್ ಬ್ರೇಕ್ ಇರೋ ಟ್ರೈಲರ್‌ನಲ್ಲಿ ಪಿನ್ ಹೊರಗೆ ಬಂದ ಕ್ಷಣದಿಂದ ಬ್ಯಾಟರಿಯ ಪೂರ್ತಿ ಕರೆಂಟು ಬ್ರೇಕಿನ ಮ್ಯಾಗ್ನೆಟ್‌ಗಳಿಗೆ ಹರೀತಾನೇ ಇರತ್ತೆ, ಮ್ಯಾಗ್ನೆಟ್ ಕಾಯತ್ತೆ, ಬ್ಯಾಟರಿ ಖಾಲಿಯಾಗತ್ತೆ, ಖಾಲಿಯಾದ ಮೇಲೆ ಬ್ರೇಕೂ ಬಿಟ್ಟುಕೊಳ್ಳತ್ತೆ. ಅಂದ್ರೆ ನೀವು ಗಾಢ ನಿದ್ದೇಲಿರೋ ಹೊತ್ತಿಗೆ ಅದು ಕೈಕೊಡತ್ತೆ. ಬೆಳಿಗ್ಗೆ ಎಲೆಕ್ಟ್ರಿಕ್ ಜ್ಯಾಕ್ ಎತ್ತೋಕೂ ಬ್ಯಾಟರೀಲಿ ಜೀವ ಇರಲ್ಲ. ಇದಕ್ಕೂ ನಿಮ್ಮ ತೂಗಾಟಕ್ಕೂ ಸಂಬಂಧವೇ ಇಲ್ಲ, ಬ್ರೇಕ್ ಚಕ್ರ ತಿರುಗದ ಹಾಗೆ ಹಿಡಿಯತ್ತೆ ಅಷ್ಟೇ, ಸ್ಪ್ರಿಂಗ್ ಕುಣಿಯೋದನ್ನ ಅಲ್ಲ.

ಇನ್ನಿಬ್ಬರು ಹೇಳಿದ್ರಲ್ಲಿ ಅರ್ಧರ್ಧ ಸತ್ಯ ಇದೆ. ಅದು ಅರ್ಥ ಆಗ್ಬೇಕಂದ್ರೆ ತೂಗಾಟ ಎಲ್ಲಿಂದ ಬರತ್ತೆ ಅನ್ನೋದು ಗೊತ್ತಿರಬೇಕು.

ಟ್ರೈಲರ್ ನಿಂತಿರೋದು ಮೂರು ಮೆತ್ತನೆ ವಸ್ತುಗಳ ಮೇಲೆ. ಒಂದು ಟೈರು, ಅದರ ಪಕ್ಕದ ಗೋಡೆ ಯಾವಾಗಲೂ ಸ್ವಲ್ಪ ಬಾಗತ್ತೆ. ಎರಡನೇದು ಟ್ರೈಲರಿನದೇ ಸ್ಪ್ರಿಂಗು. ಮೂರನೇದು, ಟ್ರಕ್ ಬಿಚ್ಚದೇ ಇರುವಾಗ ಹೆಚ್ಚಿನವರು ಮರೆಯೋದು, ಟ್ರಕ್ಕಿನ ಹಿಂದಿನ ಸ್ಪ್ರಿಂಗು. ಟ್ರೈಲರ್ ತೂಕದಲ್ಲಿ ಸಾಮಾನ್ಯವಾಗಿ 10ರಿಂದ 15 ಪರ್ಸೆಂಟ್ ಮುಂದಿನ ಮೂತಿ ಮೇಲೆ, ಅಂದ್ರೆ ಟ್ರಕ್ಕಿನ ಹಿಂದಿರೋ ಹಿಚ್ ಬಾಲ್ ಮೇಲೆ ಕೂತಿರತ್ತೆ. ನಿಮ್ಮ ಟ್ರೈಲರ್ ಸಾಮಾನು ತುಂಬಿ 3,000 ಕೆಜಿ ಇದ್ರೆ 300ರಿಂದ 450 ಕೆಜಿ ಟ್ರಕ್ಕಿನ ಬೆನ್ನ ಮೇಲಿದೆ ಅಂತಾಯ್ತು. ಆ ಟ್ರಕ್ಕು ನಿಂತಿರೋದೂ ಸ್ಪ್ರಿಂಗ್ ಮೇಲೇ. ಹಾಗಾಗಿ ಒಳಗೆ ಒಬ್ಬರು ಎದ್ದು ಬಾತ್‌ರೂಮಿಗೆ ಹೋದ್ರೆ ಟ್ರೈಲರ್ ಹಿಂದೆ ಮುಂದೆ ತಕ್ಕಡಿಯಾಗತ್ತೆ, ಮೂತಿ ಒಂಚೂರು ಕೆಳಗೆ ಹೋಗತ್ತೆ, ಟ್ರಕ್ ಸ್ಪ್ರಿಂಗ್ ಅದನ್ನ ವಾಪಸ್ ತಳ್ಳತ್ತೆ, ಹೀಗೆ ಎರಡು ಮೂರು ಸಲ ಆಡಿ ನಿಲ್ಲತ್ತೆ. ಬಿಚ್ಚಿ ಟಂಗ್ ಜ್ಯಾಕ್ (ಮೂತಿಯ ಕೆಳಗಿರೋ ಜ್ಯಾಕ್) ಮೇಲೆ ನಿಲ್ಲಿಸಿದಾಗ ಈ ಮೂರನೇದು ಇರಲ್ಲ, ಜ್ಯಾಕ್ ಗಟ್ಟಿ ಕಂಬ, ಅದು ಕುಣಿಯಲ್ಲ. ಕಟ್ಟಿಟ್ಟು ಮಲಗಿದ ರಾತ್ರಿ ಜಾಸ್ತಿ ತೂಗೋದು ಅದಕ್ಕೇ. ಸರಿಮಾಡಬೇಕಾದ ಜಾಗವೂ ಅದೇ, ನಾಲ್ಕು ಮೂಲೆಯ ಸ್ಟೆಬಿಲೈಸರ್ ಆಮೇಲೆ.

ಅಂದ್ರೆ ನೀವು ಮಾಡಬೇಕಾದ ಮುಖ್ಯ ಕೆಲಸ ಒಂದೇ. ಟ್ರಕ್ ಕಟ್ಟಿರುವ ಹಾಗೇ ಟಂಗ್ ಜ್ಯಾಕ್ ಕೆಳಗಿಳಿಸಿ ಮೂತಿಯ ತೂಕದಲ್ಲಿ ಒಂದು ಭಾಗ ಅದಕ್ಕೆ ಕೊಡಿ. ಪೂರ್ತಿ ಅಲ್ಲ, ಒಂದು ಭಾಗ. ಎಷ್ಟೋ ಜನಕ್ಕೆ ಇಷ್ಟು ಮಾಡಿದ್ರೇ ಮುಕ್ಕಾಲು ಸಮಸ್ಯೆ ಹೋಗತ್ತೆ, ಸ್ಟೆಬಿಲೈಸರ್ ಮುಟ್ಟೋ ಅವಶ್ಯಕತೇನೇ ಬೀಳಲ್ಲ.

ಆದ್ರೆ ಜ್ಯಾಕ್ ಮುಟ್ಟೋಕೆ ಮುಂಚೆ ಟ್ರೈಲರ್ ಚಕ್ರಕ್ಕೆ ಚಾಕ್ (ಉರುಳದ ಹಾಗೆ ಅಡ್ಡ ಇಡೋ ತುಂಡು) ಹಾಕಿ, ಎರಡೂ ಪಕ್ಕ, ಹಿಂದೂ ಮುಂದೂ. ಟ್ರಕ್ ಕಟ್ಟಿದೆಯಲ್ಲ, ಹ್ಯಾಂಡ್ ಬ್ರೇಕ್ ಇದೆಯಲ್ಲ, ಚಾಕ್ ಯಾಕೆ ಅಂತ ಕೇಳೋರು ತುಂಬಾ ಜನ. ಸುಮಾರು ಎಲ್ಲಾ ಪಿಕಪ್‌ಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಎರಡು ಚಕ್ರ ಮಾತ್ರ, ಹಿಂದಿನ ಚಕ್ರ ಎಳೆಯೋ ಗಾಡೀಲಿ ಪಾರ್ಕ್ ಗೇರ್ ಹಿಡಿಯೋದೂ ಅದೇ ಎರಡು ಚಕ್ರ. ಈಗ ಟಂಗ್ ಜ್ಯಾಕ್ ಎತ್ತುತ್ತಾ ಹೋದ್ರೆ ನೀವು ಹಗುರ ಮಾಡ್ತಿರೋದು ಅದೇ ಹಿಂದಿನ ಚಕ್ರಗಳನ್ನ. ಜಾಸ್ತಿ ಎತ್ತಿದ್ರೆ ಅವು ನೆಲದ ಹಿಡಿತ ಕಳ್ಕೊಳ್ತವೆ, ಸ್ವಲ್ಪ ಇಳಿಜಾರು ಇದ್ರೆ ಟ್ರಕ್ಕು ಟ್ರೈಲರ್ ಎರಡೂ ಸೇರಿ ಜಾರತ್ತೆ. ಟಂಗ್ ಜ್ಯಾಕ್ ಮೇಲಿನಿಂದ ಬರೋ ಭಾರ ಹೊರೋಕೆ ಮಾಡಿದ್ದು, ಪಕ್ಕದಿಂದ ತಳ್ಳಿದ್ರೆ ಅದರ ಪೈಪ್ ಸುಲಭವಾಗಿ ಬಾಗತ್ತೆ. ನಮ್ಮ ವರ್ಕ್‌ಶಾಪಿಗೆ ಬಾಗಿದ ಟಂಗ್ ಜ್ಯಾಕ್ ಬಂದಾಗೆಲ್ಲ ನಾನು ಮೊದಲು ಕೇಳೋ ಪ್ರಶ್ನೆ ಚಾಕ್ ಹಾಕಿದ್ರಾ ಅನ್ನೋದು, ಉತ್ತರ ಹೆಚ್ಚುಕಮ್ಮಿ ಯಾವಾಗಲೂ ಒಂದೇ.

ನಿಲ್ಲಿಸೋ ಕ್ರಮ ಹೀಗಿರಲಿ. ಜಾಗ ಆರಿಸುವಾಗಲೇ ಟ್ರಕ್ಕೂ ಟ್ರೈಲರೂ ಒಂದೇ ನೇರಕ್ಕೆ ಇರೋ ಹಾಗೆ ನಿಲ್ಲಿಸಿ, ಮೂಲೆಗೆ ತಿರುಗಿ ಮಡಚಿಕೊಂಡ ಸ್ಥಿತೀಲಿ ಜ್ಯಾಕ್ ಹಾಕ್ಬೇಡಿ, ಆಗ ಹಿಚ್ಚಿಗೆ ತಿರುಚೋ ಭಾರ ಬೀಳತ್ತೆ. ಎಡಬಲ ಓರೆ ಇದ್ರೆ ತಗ್ಗಿರೋ ಕಡೆಯ ಚಕ್ರಗಳನ್ನ ಲೆವೆಲಿಂಗ್ ಬ್ಲಾಕ್ ಮೇಲೆ ಹತ್ತಿಸಿ, ಎರಡು ಆ್ಯಕ್ಸಲ್ ಇರೋದ್ರಿಂದ ಆ ಪಕ್ಕದ ಎರಡೂ ಚಕ್ರ ಹತ್ತಬೇಕು, ಟೈರಿನ ಅಗಲ ಪೂರ್ತಿ ಬ್ಲಾಕ್ ಮೇಲೆ ಕೂತಿರಬೇಕು. ಕೂದಲೆಳೆ ಲೆವೆಲ್ ಒಂದು ರಾತ್ರಿಗೆ ಬೇಕಾಗಿಲ್ಲ, ಆದ್ರೆ ಗ್ಯಾಸಿನಲ್ಲಿ ಓಡೋ ಹಳೇ ಮಾದರಿಯ ಫ್ರಿಜ್ ಇದ್ರೆ ಫ್ರಿಜ್ಜಿನ ಎದುರು ನಿಂತು ನೋಡಿದಾಗ ಅದರ ಎಡಬಲ ಸುಮಾರು 3 ಡಿಗ್ರಿ, ಹಿಂದೆಮುಂದೆ 6 ಡಿಗ್ರಿಗಿಂತ ಓರೆ ಬೇಡ, ಅದರೊಳಗಿನ ದ್ರವ ಹರಿಯೋದೇ ಭೂಮಿಯ ಸೆಳೆತದಿಂದ. ಕಂಪ್ರೆಸರ್ ಫ್ರಿಜ್ ಆದ್ರೆ ಆ ಚಿಂತೆ ಇಲ್ಲ.

ಆಮೇಲೆ ಕಾಲು ಬ್ರೇಕ್ ಮೇಲೆ ಇಟ್ಟುಕೊಂಡೇ ಇರಿ, ಜೊತೆಗಿರೋರು ಇಳಿದು ಚಾಕ್ ಹಾಕಲಿ. ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ನಿಧಾನವಾಗಿ ಕಾಲು ತೆಗೀರಿ. ಗಾಡಿ ಒಂಚೂರು ಸರಿದು ಚಾಕ್‌ಗೆ ಒರಗಿ ಕೂರತ್ತೆ. ಕೂತ ಮೇಲೆ ಪಾರ್ಕ್‌ಗೆ ಹಾಕಿ. ಹೀಗೆ ಮಾಡಿದ್ರೆ ಇಡೀ ಭಾರ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಂಡಿ ಮೇಲೆ ನೇತಾಡಲ್ಲ, ಬೆಳಿಗ್ಗೆ ಪಾರ್ಕಿಂದ ತೆಗೆಯುವಾಗ ಧಡ್ ಅಂತ ಸದ್ದೂ ಬರಲ್ಲ.

ಈಗ ಜ್ಯಾಕು. ಎಷ್ಟು ಎತ್ತಬೇಕು ಅನ್ನೋದಕ್ಕೆ ಅಂದಾಜು ಬೇಡ, ಟೇಪ್ ಹಿಡೀರಿ. ಮನೇಲೇ ಒಂದು ಸಲ ಟ್ರಕ್ ಖಾಲಿ ಹಿಚ್ಚಿನಲ್ಲಿದ್ದಾಗ, ಆದ್ರೆ ಪ್ರಯಾಣದ ಸಾಮಾನು ತುಂಬಿರುವಾಗ, ಹಿಂದಿನ ಚಕ್ರದ ಮೇಲಿನ ಕಮಾನಿನ ಅಂಚಿಂದ ನೆಲಕ್ಕೆ ಎಷ್ಟಿದೆ ಅಳೆದು ಬರ್ಕೊಳ್ಳಿ. ಟ್ರೈಲರ್ ಕಟ್ಟಿದ ಮೇಲೆ ಮತ್ತೊಮ್ಮೆ ಅಳೀರಿ. ಉದಾಹರಣೆಗೆ ಮೊದಲು 95 ಸೆಂಟಿಮೀಟರ್ ಇದ್ದದ್ದು ಕಟ್ಟಿದ ಮೇಲೆ 91 ಆಯ್ತು ಅಂದ್ಕೊಳ್ಳಿ. ರಾತ್ರಿ ಜ್ಯಾಕ್ ಎತ್ತುವಾಗ 93ರ ಹತ್ತಿರ ಬಂದ್ರೆ ನಿಲ್ಲಿಸಿ, ಮೂತಿಯ ತೂಕ ಸುಮಾರು ಅರ್ಧ ಜ್ಯಾಕಿಗೆ ಬಂದಿದೆ. 95 ಮುಟ್ಟಿತು ಅಂದ್ರೆ ಟ್ರಕ್ ಮೇಲೆ ಟ್ರೈಲರ್ ತೂಕ ಏನೂ ಉಳಿದಿಲ್ಲ, ಅದರ ಮೇಲೆ ಎತ್ತಿದ್ದೆಲ್ಲ ನೀವು ಟ್ರಕ್ಕನ್ನೇ ಎತ್ತುತ್ತಿರೋದು, ಅದೂ ಬಾಲ್ ಕೆಳಗೆ ಕಚ್ಚಿ ಹಿಡಿಯೋ ಕಪ್ಲರ್ ಲ್ಯಾಚಿನ ಬಲದಿಂದ. ನಿಮ್ಮ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ಚಿನ ಸ್ಪ್ರಿಂಗ್ ಬಾರ್ (ಭಾರ ಹಂಚೋ ಉದ್ದನೆ ಸರಳು) ಹಾಕೋಕೆ ತೆಗೆಯೋಕೆ ಐದು ನಿಮಿಷ ಹಾಗೆ ಎತ್ತೋದು ಎಲ್ಲರೂ ಮಾಡೋ ಕೆಲಸ, ಏನೂ ಆಗಲ್ಲ, ರಾತ್ರಿಯಿಡೀ ಲ್ಯಾಚಿನ ಮೇಲೆ ಟ್ರಕ್ ನೇತುಹಾಕೋದು ಬೇರೆ ವಿಷಯ. ಬಾರ್ ಬಿಗಿಯಾಗೇ ಇದ್ರೆ ಅಳತೆ ಒಂದಿಷ್ಟು ಆಚೀಚೆ ಆಗತ್ತೆ, ಪರವಾಗಿಲ್ಲ, ಅರ್ಧದಲ್ಲಿ ನಿಲ್ಲಿಸೋದು ಮುಖ್ಯ.

ಟಂಗ್ ಜ್ಯಾಕುಗಳ ತಾಕತ್ತು ಸಾಮಾನ್ಯವಾಗಿ 900ರಿಂದ 2,200 ಕೆಜಿ ಒಳಗೆ ಇರತ್ತೆ, ಮೇಲೆ ಸ್ಟಿಕ್ಕರ್ ಇರತ್ತೆ ನೋಡಿ. ನಿಮ್ಮದು ಕಡಿಮೆ ತಾಕತ್ತಿನ ಕೈ ಜ್ಯಾಕ್ ಆಗಿದ್ರೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಪಾದದ ಕೆಳಗೆ ಅಗಲವಾದ ಮರದ ಹಲಗೆ ಇಡಿ. ಬಿಸಿಲಿಗೆ ಕಾದ ಡಾಂಬರಿನಲ್ಲಿ ಜ್ಯಾಕ್ ಪಾದ ರಾತ್ರಿಯೊಳಗೆ ಗುಳಿ ಬೀಳಿಸತ್ತೆ, ಗುಳಿ ಬಿದ್ದಷ್ಟೂ ನೀವು ಕೊಟ್ಟ ಬಿಗಿ ಸಡಿಲ ಆಗತ್ತೆ, ನಿಮಗೆ ಜಾಗ ಕೊಟ್ಟವರ ಪಾರ್ಕಿಂಗೂ ಹಾಳು.

ಸ್ಪ್ರಿಂಗ್ ಬಾರ್ ರಾತ್ರಿಗೆ ತೆಗೀಬೇಕಾ? ಒಂದು ರಾತ್ರಿಗೆ ಬಿಟ್ಟಿದ್ರೆ ಏನೂ ನಷ್ಟ ಇಲ್ಲ. ತೆಗೆದ್ರೆ ಟ್ರಕ್ಕಿಗೂ ಟ್ರೈಲರಿಗೂ ಇರೋ ಬಿಗಿಯಾದ ಸಂಬಂಧ ಸಡಿಲ ಆಗಿ ಅಲುಗಾಟ ಒಂಚೂರು ಕಡಿಮೆ ಆಗಬಹುದು. ಆದ್ರೆ ದಣಿದಿರೋ ಹೊತ್ತಲ್ಲಿ, ಕತ್ತಲಲ್ಲಿ, ಭಾರ ಹೊತ್ತ ಬಾರಿನ ಹತ್ತಿರ ಮುಖ ಕೈ ಒಯ್ಯೋದು ನನಗೆ ಇಷ್ಟ ಇಲ್ಲ, ಒತ್ತಡ ಇರುವಾಗ ಬಾರ್ ಕಳಚಿಕೊಂಡು ಹೊಡೆದ್ರೆ ಮೂಳೆ ಮುರಿಯತ್ತೆ. ಬಿಟ್ಟುಬಿಡಿ ಅಂತಾನೇ ಹೇಳ್ತೀನಿ.

ಟ್ರಕ್ಕಿಗೆ ಏರ್ ಸಸ್ಪೆನ್ಶನ್ ಇದ್ರೆ ಇನ್ನೊಂದು ಮಾತು. ತಾನೇ ಎತ್ತರ ಸರಿಮಾಡಿಕೊಳ್ಳೋ ಗಾಡೀಲಿ ಜ್ಯಾಕ್ ಎತ್ತಿದ ತಕ್ಷಣ ಹಿಂದುಗಡೆ ಹಗುರ ಆಯ್ತು ಅಂತ ಅದು ಗಾಳಿ ಬಿಡಬಹುದು, ಬಿಟ್ರೆ ಟ್ರಕ್ ಕೆಳಗೆ ಕೂತು ಅದರ ಭಾರವೂ ಜ್ಯಾಕಿನ ಮೇಲೆ ಬರತ್ತೆ. ಅದಕ್ಕೆ ಜ್ಯಾಕ್ ಮೋಡ್ ಅಥವಾ ಆಟೋ ಲೆವೆಲ್ ಆಫ್ ಮಾಡೋ ಸ್ವಿಚ್ ಇರತ್ತೆ, ಗಾಡಿಯ ಪುಸ್ತಕದಲ್ಲಿ ನೋಡಿ ಮೊದಲು ಅದನ್ನ ಮಾಡಿ. ಹಾಗೇ ಜ್ಯಾಕ್ ಹಾಕಿದ ಮೇಲೆ ಟ್ರಕ್ಕಿನ ಹಿಂಭಾಗಕ್ಕೆ ಭಾರದ ಸಾಮಾನು ಹಾಕ್ಬೇಡಿ, ಹಾಕಲೇಬೇಕಾದ್ರೆ ಹಾಕಿ ಮುಗಿಸಿ ಆಮೇಲೆ ಜ್ಯಾಕ್ ಎತ್ತಿ.

ಇನ್ನು ನಾಲ್ಕು ಮೂಲೆಯ ಸ್ಟೆಬಿಲೈಸರ್. ಮೊದಲನೆಯವರು ಎತ್ತಿಬಿಡಿ ಅಂದ್ರಲ್ಲ, ಅದು ತಪ್ಪು. ಇವು ಎತ್ತೋ ಜ್ಯಾಕ್ ಅಲ್ಲವೇ ಅಲ್ಲ. ಕಾಲು ಸಮ ಇಲ್ಲದ ಮೇಜಿನ ಕೆಳಗೆ ಕಾಗದ ಮಡಚಿ ಇಡ್ತೀವಲ್ಲ, ಇದರ ಕೆಲಸ ಅಷ್ಟೇ, ಮೇಜನ್ನ ಎತ್ತೋದಲ್ಲ, ಅಲ್ಲಾಡೋ ಜಾಗ ಮುಚ್ಚೋದು. ಜ್ಯಾಕಿನ ಮೇಲೆ ಟನ್ನುಗಟ್ಟಲೆ ತಾಕತ್ತು ಬರೆದಿದ್ರೂ ಅದು ಜ್ಯಾಕಿನ ತಾಕತ್ತು, ಅದನ್ನ ಬೋಲ್ಟ್ ಮಾಡಿರೋ ಟ್ರೈಲರ್ ಫ್ರೇಮಿನ ತುದಿಯದ್ದಲ್ಲ. ಆ್ಯಕ್ಸಲ್ ಹಿಂದೆ ಫ್ರೇಮ್ ಉದ್ದಕ್ಕೆ ಚಾಚಿಕೊಂಡಿರತ್ತೆ, ಆ ತುದೀನ ಕೆಳಗಿನಿಂದ ಒತ್ತಿದ್ರೆ ಅದು ಮೇಲಕ್ಕೆ ಬಾಗೋಕೆ ಶುರು ಮಾಡತ್ತೆ. ಗೊತ್ತಾಗೋದು ಹೇಗೆ ಅಂದ್ರೆ ಬಾಗಿಲಲ್ಲಿ. ಜ್ಯಾಕ್ ಹಾಕೋಕೆ ಮುಂಚೆ ಟ್ರೈಲರ್ ಬಾಗಿಲು ಹಾಕಿ ನೋಡಿ, ಲ್ಯಾಚ್ ಎಷ್ಟು ಸಲೀಸಾಗಿ ಕ್ಲಿಕ್ ಅನ್ನತ್ತೆ, ಚೌಕಟ್ಟಿನ ಸುತ್ತ ಸಂದು ಎಷ್ಟಿದೆ ಅಂತ. ಹಾಕಿದ ಮೇಲೆ ಮತ್ತೆ ನೋಡಿ. ಬಾಗಿಲು ಮೇಲಿನ ಮೂಲೇಲಿ ತಾಗ್ತಿದ್ರೆ, ಹೆಗಲು ಕೊಟ್ಟು ತಳ್ಳಬೇಕಾದ್ರೆ, ಹೆಚ್ಚು ಬಿಗಿ ಕೊಟ್ಟಿದ್ದೀರಿ, ತಕ್ಷಣ ಇಳಿಸಿ. ಇದನ್ನೇ ಪ್ರತಿ ಸಲ ಮಾಡ್ತಾ ಬಂದ್ರೆ ಕಿಟಕಿ ಸೀಲ್ ಬಿಡತ್ತೆ, ಮೂಲೆ ಜಾಯಿಂಟ್ ಬಿಡತ್ತೆ, ಮಳೆ ನೀರು ಒಳಗೆ ಇಳಿಯೋದು ಅಲ್ಲಿಂದಾನೇ, ಮತ್ತೆ ನೀರು ಇಳಿದ ಟ್ರೈಲರ್ ಗೋಡೆ ರಿಪೇರಿ ಎಷ್ಟು ಕಷ್ಟ ಅನ್ನೋದು ಮಾಡಿದವರಿಗೇ ಗೊತ್ತು.

ಎರಡನೆಯವರ ಭಯ ಬಂದಿರೋದೂ ಇಲ್ಲಿಂದಾನೇ ಇರಬೇಕು. ಟ್ರಕ್ ಕಟ್ಟಿದ್ದಾಗ ಜ್ಯಾಕ್ ಮುಟ್ಟಿದ್ರೆ ಸಾಕು ಫ್ರೇಮ್ ಬಾಗತ್ತೆ ಅನ್ನೋದು ಸುಳ್ಳು. ನೆಲಕ್ಕೆ ತಾಗಿಸಿ ಇನ್ನು ಅರ್ಧ ಸುತ್ತು, ಹೆಚ್ಚಂದ್ರೆ ಒಂದು ಸುತ್ತು ಬಿಗಿ ಮಾಡಿದ್ರೆ ಏನೂ ಆಗಲ್ಲ. ಬಾಗೋದು ಅದರಾಚೆ ಹೋದಾಗ, ಇಲ್ಲಾ ಕ್ರಮ ತಪ್ಪಿದಾಗ. ಕ್ರಮ ಅಂದ್ರೆ, ಟಂಗ್ ಜ್ಯಾಕ್ ಮೊದಲು, ಸ್ಟೆಬಿಲೈಸರ್ ಆಮೇಲೆ. ಹಿಂದಿನ ಸ್ಟೆಬಿಲೈಸರ್ ಮೊದಲು ಬಿಗಿ ಮಾಡಿ ಆಮೇಲೆ ಮೂತಿ ಎತ್ತಿದ್ರೆ, ಟ್ರೈಲರ್ ಆ್ಯಕ್ಸಲ್ ಮೇಲೆ ತಕ್ಕಡಿಯಾಗಿ ಹಿಂಭಾಗ ಕೆಳಗೆ ಹೋಗತ್ತೆ, ಆ ತೂಕವೆಲ್ಲ ಹಿಂದಿನ ಎರಡು ಸಣ್ಣ ಜ್ಯಾಕಿನ ಮೇಲೆ ಕೂರತ್ತೆ. ನಾನು ನೋಡಿರೋ ಬಾಗಿದ ಹಿಂದಿನ ಜ್ಯಾಕುಗಳಲ್ಲಿ ಇದು ಮಾಮೂಲಿ ಕಾರಣ.

ಡ್ರಿಲ್ಲಿನಲ್ಲಿ ಇಳಿಸೋರಾದ್ರೆ ಅದರ ಕ್ಲಚ್ ಕಡಿಮೆ ನಂಬರಿಗೆ ಇಟ್ಟು ಪಾದ ನೆಲಕ್ಕೆ ತಾಗೋವರೆಗೆ ಮಾತ್ರ ಡ್ರಿಲ್ ಬಳಸಿ, ಕೊನೇ ಅರ್ಧ ಸುತ್ತು ಕೈಲೇ ತಿರುಗಿಸಿ. ಕೈಗೆ ಗೊತ್ತಾಗೋ ಬಿಗಿ ಡ್ರಿಲ್ಲಿಗೆ ಗೊತ್ತಾಗಲ್ಲ. ಕೊನೇಲಿ ಪಾದದ ಕೆಳಗಿನ ಹಲಗೇನ ಬೂಟಿನ ತುದೀಲಿ ಒದ್ದು ನೋಡಿ, ಸುಲಭವಾಗಿ ಸರಿದ್ರೆ ಇನ್ನೂ ಸಡಿಲ ಇದೆ, ಅಲುಗದೆ ನಿಂತ್ರೆ ಸಾಕು. ಒಂದು ರಾತ್ರಿಗೆ ಹಿಂದಿನ ಎರಡು ಹಾಕಿದ್ರೆ ಸಾಕು ಅನ್ನೋದು ನನ್ನ ಅಭಿಪ್ರಾಯ, ಮುಂದಿನ ಕೆಲಸ ಟಂಗ್ ಜ್ಯಾಕ್ ಮಾಡ್ತಿದೆ. ಕೆಲವು ಪಾರ್ಕಿಂಗ್ ಜಾಗಗಳಲ್ಲಿ ರಾತ್ರಿ ನಿಲ್ಲೋಕೆ ಬಿಡ್ತಾರೆ ಆದ್ರೆ ಸ್ಟೆಬಿಲೈಸರ್ ಇಳಿಸೋದು, ಸ್ಲೈಡ್ (ಟ್ರೈಲರಿನ ಹೊರಗೆ ಚಾಚೋ ಭಾಗ) ಹೊರಗೆ ತೆಗೆಯೋದು ಬೇಡ ಅಂತಾರೆ, ಅಲ್ಲಿ ಟಂಗ್ ಜ್ಯಾಕಿನ ಕೆಳಗೆ ಹಲಗೆ ಇಟ್ಟು ಅಷ್ಟಕ್ಕೇ ನಿಲ್ಲಿಸಿ.

ನಿಮ್ಮದು ಎರಡು ಆ್ಯಕ್ಸಲ್ ಆಗಿರೋದ್ರಿಂದ ಎರಡು ಚಕ್ರದ ನಡುವೆ ಸಿಗಿಸಿ ಬಿಗಿ ಮಾಡೋ ಎಕ್ಸ್ ಆಕಾರದ ಚಾಕ್ ತಗೊಳ್ಳಿ ಅಂತ ಹೇಳ್ತೀನಿ. ಹಿಂದೆಮುಂದೆ ಜಗ್ಗೋದು ಗಣನೀಯವಾಗಿ ಕಡಿಮೆ ಆಗತ್ತೆ. ಆದ್ರೆ ನೆಲದ ಮೇಲಿನ ಚಾಕಿನ ಬದಲಿಗೆ ಅಲ್ಲ, ಅದರ ಜೊತೆಗೆ. ಓಡಿ ಬಂದ ಟೈರು ಬಿಸಿಯಾಗಿ ಉಬ್ಬಿರತ್ತೆ, ತಣ್ಣಗಾದ ಮೇಲೆ ಕುಗ್ಗಿ ಎಕ್ಸ್ ಚಾಕ್ ಸಡಿಲ ಆಗತ್ತೆ, ಹಾಗಾಗಿ ಊಟ ಮುಗಿಸಿ ಮಲಗೋ ಮುಂಚೆ ಇನ್ನೊಂದು ಸಲ ಬಿಗಿ ಮಾಡಿ.

ಟ್ರಕ್ಕಿಂದ ಟ್ರೈಲರಿಗೆ ಕರೆಂಟು ಒಯ್ಯೋ ಸೆವೆನ್ ಪಿನ್ ಪ್ಲಗ್ ವಿಷಯ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ. ಕೆಲವು ಟ್ರಕ್‌ಗಳು ಕೀ ಆಫ್ ಮಾಡಿದಾಗ ಟ್ರೈಲರಿಗೆ ಹೋಗೋ ಚಾರ್ಜಿಂಗ್ ಲೈನ್ ಕಟ್ ಮಾಡ್ತವೆ, ಕೆಲವು ಮಾಡಲ್ಲ. ಮಾಡದ ಗಾಡೀಲಿ ಟ್ರೈಲರ್ ಲೈಟು, ಹೀಟರ್ ಫ್ಯಾನು ರಾತ್ರಿಯೆಲ್ಲ ಟ್ರಕ್ ಬ್ಯಾಟರಿಯನ್ನೂ ಕುಡೀತವೆ, ಫ್ರಿಜ್ 12 ವೋಲ್ಟಿನಲ್ಲಿ ಓಡ್ತಿದ್ರೆ ಬೆಳಿಗ್ಗೆ ಟ್ರಕ್ ಸ್ಟಾರ್ಟೇ ಆಗಲ್ಲ. ಪ್ಲಗ್ ಕಿತ್ತು ನೀರು ಬೀಳದ ಹಾಗೆ ಮೇಲೆ ಸಿಗಿಸಿಡಿ. ಸೇಫ್ಟಿ ಚೈನು, ಬ್ರೇಕ್‌ಅವೇ ಕೇಬಲ್, ಕಪ್ಲರ್ ಪಿನ್ ಇವನ್ನ ಮುಟ್ಟಬೇಡಿ, ಇದ್ದ ಹಾಗೇ ಇರಲಿ. ಟ್ರಕ್ ಕಟ್ಟಿದೆ ಅಂತ ಚಳಿಗೆ ಇಂಜಿನ್ ಓಡಿಸಿಟ್ಟು ಮಲಗೋದಂತೂ ಬೇಡವೇ ಬೇಡ, ಹೊಗೆ ಟ್ರೈಲರ್ ಕೆಳಗಿನಿಂದ ಒಳಗೆ ಸೇರತ್ತೆ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ನಿಜವಾದ ಅಪಾಯ ಇರೋದು ಬೆಳಿಗ್ಗೆ. ಟ್ರಕ್ ಕಟ್ಟೇ ಇದೆ, ಎದ್ದು ಕಾಫಿ ಕುಡಿದು ಕೀ ತಿರುಗಿಸಿದ್ರೆ ಆಯ್ತು ಅನ್ನೋ ಭಾವನೆ ಬರತ್ತೆ, ಜ್ಯಾಕ್ ಕೆಳಗಿರೋದು ನೆನಪೇ ಇರಲ್ಲ. ಬಿಚ್ಚಿ ನಿಲ್ಲಿಸಿದವರಿಗೆ ಈ ಮರೆವು ಬರೋದು ಕಡಿಮೆ, ಅವರು ಹಿಚ್ ಹತ್ತಿರ ಹೋಗಲೇಬೇಕು. ಹಾಗಾಗಿ ಜ್ಯಾಕ್ ಇಳಿಸಿದ ತಕ್ಷಣ ಸ್ಟೀರಿಂಗಿಗೆ ಒಂದು ಬಣ್ಣದ ಬಟ್ಟೆ ಕಟ್ಟಿ, ಎಲ್ಲಾ ಜ್ಯಾಕ್ ಮೇಲಾದ ಮೇಲೇ ಅದನ್ನ ಬಿಚ್ಚೋದು ಅಂತ ಮನೇಲಿ ಎಲ್ರೂ ಒಪ್ಪಿಕೊಳ್ಳಿ. ಬೆಳಿಗ್ಗೆ ಮೊದಲು ಸ್ಟೆಬಿಲೈಸರ್, ಆಮೇಲೆ ಟಂಗ್ ಜ್ಯಾಕಿನ ಕಾಲು ನೆಲದಿಂದ ಪೂರ್ತಿ ಮೇಲಕ್ಕೆ, ಹಲಗೆ ಒಳಗೆ, ಕಪ್ಲರ್ ಲ್ಯಾಚು ಪಿನ್ನು ಚೈನು ಸ್ಪ್ರಿಂಗ್ ಬಾರ್ ಕಣ್ಣಲ್ಲೇ ನೋಡೋದು, ಪ್ಲಗ್ ಹಾಕಿ ಲೈಟ್ ನೋಡೋದು, ಚಾಕ್ ಎಲ್ಲಕ್ಕಿಂತ ಕೊನೆಗೆ. ಹತ್ತು ಮೀಟರ್ ಮುಂದೆ ಹೋಗಿ ಬ್ರೇಕ್ ಹಿಡಿದು ನೋಡಿ, ನಿಂತಿದ್ದ ಜಾಗದಲ್ಲಿ ಏನಾದ್ರೂ ಉಳಿದಿದೆಯಾ ಅಂತಾನೂ ಒಮ್ಮೆ ತಿರುಗಿ ನೋಡಿ.

ಯಾವಾಗ ಇದೆಲ್ಲ ಕೆಲಸಕ್ಕೆ ಬರಲ್ಲ? ಟ್ರಕ್ ನಿಂತಿರೋ ನೆಲದ ಓರೆಯೇ ಬೇರೆ, ಟ್ರೈಲರ್ ನಿಂತಿರೋ ನೆಲದ ಓರೆಯೇ ಬೇರೆ ಆಗಿದ್ರೆ, ಮೂತಿ ತುಂಬಾ ತಗ್ಗಿ ಲೆವೆಲ್ ಮಾಡೋಕೆ ಟ್ರಕ್ಕನ್ನೇ ಎತ್ತಬೇಕಾಗಿ ಬಂದ್ರೆ, ನೆಲ ಮೆತ್ತಗಿದ್ದು ಜ್ಯಾಕ್ ಇಳೀತಾ ಹೋಗ್ತಿದ್ರೆ. ಮೊದಲೆರಡಕ್ಕೆ ಬೇರೆ ಜಾಗ ಸಿಕ್ಕಿದ್ರೆ ಗಾಡಿ ಅಲ್ಲಿಗೆ ಸರಿಸೋದೇ ಎಲ್ಲಕ್ಕಿಂತ ಸುಲಭ, ಸಿಗದಿದ್ರೆ ಬಿಚ್ಚೇಬೇಕು. ಮೆತ್ತನೆ ನೆಲದಲ್ಲಿ ಬಿಚ್ಚಿದ್ರೂ ಅದೇ ಕಷ್ಟ, ಅಲ್ಲಿ ಜ್ಯಾಕಿನ ಕಾಲು ನೆಲದಿಂದ ಮೇಲಕ್ಕೆ ಎಳೆದು ಬಿಚ್ಚದೇ ಹಾಗೇ ಮಲಗೋದು ವಾಸಿ. ಜೋರು ಗಾಳಿ ಇರೋ ರಾತ್ರಿ ಮಾತ್ರ ಕಟ್ಟಿಟ್ಟಿರೋದೇ ಒಳ್ಳೇದು, ಟ್ರಕ್ಕಿನ ತೂಕ ಟ್ರೈಲರನ್ನ ಹಿಡ್ಕೊಳ್ಳತ್ತೆ, ಸಾಧ್ಯ ಆದ್ರೆ ಗಾಳಿಗೆ ಮೂತಿ ಕೊಟ್ಟು ನಿಲ್ಲಿಸಿ, ಪಕ್ಕ ಕೊಡಬೇಡಿ.

ಅಮ್ಮನ ವಿಷಯಕ್ಕೆ ಬರ್ತೀನಿ. ಇದಿಷ್ಟು ಮಾಡಿದ್ರೂ ಟೈರಿನ, ಸ್ಪ್ರಿಂಗಿನ ಸಣ್ಣ ಅಲುಗಾಟ ಉಳಿಯತ್ತೆ, ಪೂರ್ತಿ ಹೋಗತ್ತೆ ಅಂತ ಹೇಳೋಕಾಗಲ್ಲ. ಟ್ರೈಲರಿನಲ್ಲಿ ಅತಿ ಕಡಿಮೆ ಏರಿಳಿಯೋ ಜಾಗ ಚಕ್ರಗಳ ನೇರ ಮೇಲೆ, ಅತಿ ಹೆಚ್ಚು ಎರಡು ತುದಿಗಳಲ್ಲಿ. ನಿಮ್ಮ ಮುಖ್ಯ ಹಾಸಿಗೆ ಮುಂದಿನ ತುದೀಲಿದ್ದು ಊಟದ ಮೇಜು ಮಡಚಿ ಮಾಡೋ ಹಾಸಿಗೆ ನಡುವೆ ಇದ್ರೆ, ದಾರಿಯ ಆ ಒಂದು ರಾತ್ರಿ ಅಮ್ಮನಿಗೆ ನಡುವಿನದ್ದು ಕೊಡಿ. ಹೀಗೂ ಮಾಡಿ, ಜ್ಯಾಕೂ ಸರಿಯಾಗಿ ಹಾಕಿ, ಆದ್ರೂ ಟ್ರೈಲರ್ ಎಡಬಲ ತೇಲಾಡ್ತಿದ್ರೆ ಆಗ ದೋಷ ನಿಲ್ಲಿಸೋ ರೀತೀಲಿಲ್ಲ. ಟೈರಿನ ಗಾಳಿ ತಣ್ಣಗಿರುವಾಗ ಚೆಕ್ ಮಾಡಿ, ಲೀಫ್ ಸ್ಪ್ರಿಂಗ್ ಆದ್ರೆ ಅದರ ತುದಿಯ ಶಾಕಲ್ಲು, ಬುಷ್ಷು ಸವೆದಿದೆಯಾ, ಸ್ಟೆಬಿಲೈಸರ್ ಬೋಲ್ಟ್ ಸಡಿಲ ಇದೆಯಾ ಅಂತ ಮೆಕ್ಯಾನಿಕ್ ಹತ್ರ ಕೆಳಗೆ ಮಲಗಿಸಿ ನೋಡಿಸಿ. ಪ್ಲಾಸ್ಟಿಕ್ ಬುಷ್ ಸವೆದ ಶಾಕಲ್ ಕೈಯಲ್ಲಿ ಅಲ್ಲಾಡಿಸಿದ್ರೂ ಕಟಕಟ ಅನ್ನತ್ತೆ, ಅದನ್ನ ಮುಂದಿನ ದೂರದ ಪ್ರಯಾಣಕ್ಕೆ ಮುಂಚೆನೇ ಬದಲಿಸಿ, ಯಾಕಂದ್ರೆ ಅದು ನಿಂತಾಗ ತೂಗಾಡಿಸೋದಷ್ಟೇ ಅಲ್ಲ, ಓಡೋವಾಗಲೂ ಆ್ಯಕ್ಸಲ್‌ನ ನೇರಕ್ಕೆ ಹಿಡಿಯಲ್ಲ.